ಕೈ ಮುಟ್ಟದ ಮಾಲು

ಐನಾಪುರದ ಹೊರಗೆ, ಮೋಳೆಯ ದಾರಿಗೆ ಹೊಂದಿಕೊಂಡು ಬಾಬಾಸಾಹೇಬರ ಮಣೂಕದ ಶೆಡ್ಡು ಇದೆ. ಒಣದ್ರಾಕ್ಷಿಗೆ ಆ ಸೀಮೆಯವರು ಮಣೂಕ ಅನ್ನುತ್ತಾರೆ. ಶೇವಂತಾ ಆ ಶೆಡ್ಡಿನಲ್ಲಿ ಇಪ್ಪತ್ತೆರಡು ಸುಗ್ಗಿ ಮಣೂಕ ಆರಿಸಿದವಳು. ಅವಳು ಆರಿಸಿದ ಬುಟ್ಟಿಯನ್ನು ಇನ್ನೊಬ್ಬರು ತಿರುವಿ ನೋಡುವ ರೂಢಿಯೇ ಇರಲಿಲ್ಲ. "ಶೇವಂತಾನ ಬುಟ್ಟಿ ಏನು? ಸೀದಾ ಬಾಕ್ಸಿಗೆ ಸುರೀರಿ" ಎಂದು ಬಾಬಾಸಾಹೇಬರೇ ಹೇಳುತ್ತಿದ್ದರು.

ಬಲೆಯ ಮೇಲೆ ಒಣಗಿ ಬಂದ ಮಣೂಕವನ್ನು ಯಂತ್ರ ಎಷ್ಟೇ ಉದುರಿಸಿದರೂ ಕಡ್ಡಿ ಉಳಿಯುತ್ತದೆ, ತೊಟ್ಟು ಉಳಿಯುತ್ತದೆ, ನಡುನಡುವೆ ಪೊಳ್ಳು ಕಾಳು, ಕರ್ರಗಾದ ಕಾಳು ಬರುತ್ತವೆ. ಉದ್ದನೆಯ ಮೇಜಿನ ಎರಡೂ ಕಡೆ ಕುಳಿತ ಹನ್ನೊಂದು ಹೆಂಗಸರು ಅವನ್ನು ಹೆಕ್ಕಿ ತೆಗೆಯಬೇಕು. ಹತ್ತು ಮಂದಿ ತಲೆ ಬಗ್ಗಿಸಿ, ಕಣ್ಣು ನೆಟ್ಟು ಆರಿಸುತ್ತಿದ್ದರು. ಶೇವಂತಾ ಮಾತ್ರ ತಲೆ ಎತ್ತಿ, ಎದುರಿನ ಗೋಡೆ ನೋಡುತ್ತ ಆರಿಸುವಳು. ಮಗುವಿನ ತಲೆಯಲ್ಲಿ ತಾಯಿ ಹೇನು ಹುಡುಕುವಾಗ ಬೆರಳು ಹೇಗೆ ಆಡುತ್ತವೆಯೋ ಹಾಗೆ ಅವಳ ಬೆರಳು ಮಣೂಕದ ಮೇಲೆ ಆಡುತ್ತಿದ್ದವು. ತೊಟ್ಟು ಚುಚ್ಚುತ್ತದೆ, ಪೊಳ್ಳು ಒತ್ತಿದರೆ ಕುಸಿಯುತ್ತದೆ, ಕರ್ರಗಾದದ್ದು ಅಂಟುತ್ತದೆ. ಅವಳಿಗೆ ಅಷ್ಟು ಸಾಕಿತ್ತು.

"ಗ್ವಾಡಿ ಮ್ಯಾಲ ಏನ ಸಿನಿಮಾ ಹತ್ತೈತೇನಬೇ, ಯಾವಾಗ ನೋಡಿದ್ರ ಅತ್ತಾಗ ನೋಡತಿ?" ಎಂದು ಪಕ್ಕದಲ್ಲಿ ಕೂರುವ ಗಿರಿಜವ್ವ ಕಾಡುತ್ತಿದ್ದಳು.

"ನಿನ್ನ ಮಾರಿ ನೋಡೂದಕ್ಕಿಂತ ಗ್ವಾಡಿ ಚಲೋ ಐತಿ ಅಕ್ಕಾ" ಎಂದು ಶೇವಂತಾ ಅನ್ನುವಳು. ಮೇಜಿನ ತುಂಬ ನಗೆ.

ಅವಳದೊಂದು ನೇಮವಿತ್ತು. ದಿನದ ಮೊದಲ ಕಾಳನ್ನು ಎತ್ತಿ ಮೊದಲು ಎಡಗಣ್ಣಿಗೆ, ಆಮೇಲೆ ಬಲಗಣ್ಣಿಗೆ ಒತ್ತಿಕೊಂಡು ಬುಟ್ಟಿಗೆ ಹಾಕುವಳು. ಕೆಲಸ ಕಲಿಸಿದ ಅತ್ತೆ ಅದನ್ನೂ ಕಲಿಸಿದ್ದಳು: "ಅನ್ನ ಕೊಡೂ ಕಾಳವ್ವಾ. ಮೊದಲ ಕಣ್ಣಿಗೊತ್ತಿಕೋ, ಆಮ್ಯಾಲ ಕೈ ಆಡಸು." ಅತ್ತೆ ಹೋಗಿ ಒಂಬತ್ತು ವರ್ಷವಾದರೂ ನೇಮ ತಪ್ಪಿರಲಿಲ್ಲ.

ಶೇವಂತಾ ದಿಗ್ಗೇವಾಡಿಯ ಹೊಳೆದಂಡೆಯ ಕೂಲಿ ಮನೆತನದ ಮಗಳು. ಹತ್ತೊಂಬತ್ತಕ್ಕೆ ಭರಮುವಿನ ಕೈ ಹಿಡಿದು ಐನಾಪುರಕ್ಕೆ ಬಂದಳು. ಭರಮು ಪಂಚಾಯತಿಯಲ್ಲಿ ನೀರು ಬಿಡುವವನು. ಯಾವ ಓಣಿಗೆ ಎಷ್ಟು ಹೊತ್ತು ಎಂದು ವಾಲ್ವು ತಿರುವುತ್ತ ಊರೆಲ್ಲ ಸುತ್ತುವುದು ಅವನ ಕೆಲಸ. ಒಬ್ಬಳೇ ಮಗಳು ನೀಲಮ, ಅವಳನ್ನು ಅಲಖನೂರಿಗೆ ಕೊಟ್ಟಿದ್ದರು. ಗಂಡ ಹೆಂಡತಿ ಇಬ್ಬರೂ ದುಡಿದು ಉಣ್ಣುವವರು. ಯಾರ ಹಂಗೂ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಮುಂಜಾನೆ ತಲೆ ತೊಳೆದುಕೊಳ್ಳುವಾಗ ಬಲಗಣ್ಣಿಗೆ ಸೀಗೆಕಾಯಿ ಹೋಯಿತು. ಉರಿ ತಾಳದೆ ಆ ಕಣ್ಣನ್ನು ಬಿಗಿಯಾಗಿ ಮುಚ್ಚಿದಳು. ಬಚ್ಚಲ ಮನೆಯೇ ಮಾಯವಾಯಿತು. ಎಡಗಣ್ಣು ತೆರೆದೇ ಇತ್ತು, ಆದರೆ ಅದರಲ್ಲಿ ಏನೂ ಇರಲಿಲ್ಲ. ಅದು ಯಾವಾಗ ಹೋಯಿತೋ ಅವಳಿಗೇ ತಿಳಿದಿರಲಿಲ್ಲ.

ಮಿರಜಿನ ಡಾಕ್ಟರು ಸಮಾಧಾನದಿಂದಲೇ ಹೇಳಿದರು. "ಒಳಗ ಒತ್ತಡ ಏರಿ ಕಣ್ಣಿನ ನರ ಒಣಗ್ಯಾವ. ಹೋದದ್ದು ತಿರುಗಿ ಬರೂದಿಲ್ಲ ತಾಯಿ. ಬಲಗಣ್ಣಿಂದೂ ಅಂಚು ಹೋಗಾಕತ್ತೈತಿ. ಈ ಹನಿ ದಿನಾ ಹಾಕೋರಿ, ಇದ್ದಷ್ಟು ಉಳಿಸಿಕೊಳ್ಳೂಣು."

ಬರುವಾಗ ಬಸ್ಸಿನಲ್ಲಿ ಅವಳು ಭರಮುವಿನ ಕೈಯನ್ನು ಗಟ್ಟಿಯಾಗಿ ಹಿಡಿದು, "ಯಾರ ಮುಂದೂ ಹೇಳಬ್ಯಾಡ್ರಿ. ನಿಮ್ಮ ಮಗಳ ಮುಂದೂ" ಎಂದಳು. ಆರಿಸುವವಳಿಗೆ ಕಣ್ಣಿಲ್ಲ ಎಂದರೆ ಯಾವ ಮಾಲಕ ಇಟ್ಟುಕೊಂಡಾನು? ಹೊಲದ ಕೆಲಸಕ್ಕೆ ಹೋಗುವಂತಿರಲಿಲ್ಲ. ದ್ರಾಕ್ಷಿ ತೋಟದಲ್ಲಿ ಮುಖದ ಎತ್ತರಕ್ಕೆ ತಂತಿ ಎಳೆದಿರುತ್ತಾರೆ, ಕಬ್ಬಿನಲ್ಲಿ ಎಡಕ್ಕೂ ಬಲಕ್ಕೂ ಕುಡುಗೋಲು ಆಡುತ್ತಿರುತ್ತವೆ. ಅವಳಿಗೆ ಉಳಿದ ಜಾಗವೆಂದರೆ ಆ ಮೇಜಿನ ಮೂಲೆ ಒಂದೇ.

ಮಾರನೆಯ ದಿನದಿಂದ ಅವಳು ಮೇಜಿನ ಎಡತುದಿಗೆ ಕೂರತೊಡಗಿದಳು. ಆ ಕಡೆ ಗೋಡೆ, ಯಾರೂ ಬರುವಂತಿಲ್ಲ. ಬಾಗಿಲಿಂದ ಮೇಜಿಗೆ ಹದಿನಾಲ್ಕು ಹೆಜ್ಜೆ, ಮೇಜಿನಿಂದ ನೀರಿನ ಕೊಡಕ್ಕೆ ಒಂಬತ್ತು. ದಾರಿಯಲ್ಲಿ ಹೋಗುವಾಗ ಗಿರಿಜವ್ವ ಯಾವಾಗಲೂ ಅವಳ ಎಡಕ್ಕೇ ನಡೆಯುತ್ತಿದ್ದಳು. ಅದು ದೇವರ ದಯೆ ಎಂದು ಶೇವಂತಾ ಅಂದುಕೊಂಡಿದ್ದಳು.

ಈ ವರ್ಷ ಶಿವರಾತ್ರಿ ಮುಗಿದ ಮೇಲೆ, ಮೊದಲ ಮಾಲು ಒಣಗಲು ಹಾಕಿದ ದಿನ ಬಾಬಾಸಾಹೇಬರು ಎಲ್ಲರನ್ನೂ ಕರೆದರು. ಅವರು ಕೆಟ್ಟ ಮನುಷ್ಯರಲ್ಲ. ಮಾತಾಡುವ ಮೊದಲು ಎಲ್ಲರಿಗೂ ಚಹಾ ತರಿಸಿದರು. ಚಹಾ ಬಂತೆಂದರೆ ಸುದ್ದಿ ಚಲೋ ಇಲ್ಲ ಎಂದು ಹೆಂಗಸರಿಗೆ ಗೊತ್ತು.

"ಮುಂಬೈ ವ್ಯಾಪಾರಿ ಹೇಳ್ಯಾನ, ಕೈ ಮುಟ್ಟದ ಮಾಲು ಬೇಕಂತ. ಪಾಕೀಟ ಮ್ಯಾಲ ಹಂಗಂತ ಬರೀಬೇಕಂತ."

"ನಮ್ಮ ಕೈಗೆ ಏನಾಗೈತ್ರಿ ಸಾವಕಾರ್ರ?" ಎಂದಳು ಗಿರಿಜವ್ವ. "ಇಷ್ಟ ವರ್ಷ ನಾವು ಮುಟ್ಟಿದ್ದ ನೀವೂ ತಿಂದೀರಿ. ದಪ್ಪ ಆಗೀರೇ ಹೊರತು ನಿಮಗೇನೂ ಆಗಿಲ್ಲ."

ಬಾಬಾಸಾಹೇಬರೂ ನಕ್ಕರು. ಆದರೆ ಹೇಳಬೇಕಾದದ್ದನ್ನು ಹೇಳಿದರು. ಈ ಸುಗ್ಗಿಯಿಂದಲೇ ಈ ಮೇಜು ಇರುವುದಿಲ್ಲ. ಯಂತ್ರದ ಕೈ ಬರುತ್ತದೆ, ಅದೇ ಆರಿಸುತ್ತದೆ. ಆದರೆ ಅದಕ್ಕೆ ಯಾರಾದರೂ ಕಲಿಸಬೇಕು, ತಪ್ಪಿದಾಗ ತಿದ್ದಬೇಕು. ಅದಕ್ಕಾಗಿ ನಾಲ್ಕು ಮಂದಿಯನ್ನು ಪಗಾರದ ಮೇಲೆ ಇಟ್ಟುಕೊಳ್ಳುತ್ತಾರೆ. ಯಾರು ಎಂಬುದನ್ನು ಇಂಜಿನಿಯರಿಂಗ್ ಕಾಲೇಜಿನವರು ಪರೀಕ್ಷೆ ಮಾಡಿ ಹೇಳುತ್ತಾರೆ.

ಹನ್ನೊಂದರಲ್ಲಿ ನಾಲ್ಕು. ಶೇವಂತಾ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕುಳಿತಳು. ಅದು ತಣ್ಣಗಾದದ್ದು ಗೊತ್ತಾಗಲಿಲ್ಲ.

ಕಾಲೇಜಿನಿಂದ ಬಂದವಳು ಪ್ರಾಜಕ್ತಾ ಎಂಬ ಹುಡುಗಿ. ನಿಪ್ಪಾಣಿಯವಳು, ಮಾತಿನ ನಡುವೆ ಮರಾಠಿ ಬರುತ್ತಿತ್ತು; ಹೆಂಗಸರನ್ನೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಶೆಡ್ಡಿನ ಪಕ್ಕದ ಖೋಲಿಯಲ್ಲಿ ಒಂದು ಕುರ್ಚಿ, ಒಂದು ಕಂಪ್ಯೂಟರು, ಕಣ್ಣಿಗೆ ಕಟ್ಟಿಕೊಳ್ಳುವ ಒಂದು ದೊಡ್ಡ ಡಬ್ಬಿ ಇಟ್ಟಳು.

"ಇದಕ್ಕ ವಿಆರ್ ಅಂತಾರ ಮಾವಶಿ. ಇಲ್ಲದ್ದನ್ನ ಇದ್ದಂಗ ತೋರಸ್ತೈತಿ."

"ನಮ್ಮ ಸಾವಕಾರ್ರಿಗೆ ಅದು ಮೊದಲಿಂದ ಬರತೈತಿ" ಎಂದಳು ಗಿರಿಜವ್ವ. "ದೀಪಾವಳಿ ಬೋನಸ್ ಹಿಂಗ ತೋರಸ್ತಾರ."

ಡಬ್ಬಿ ಕಟ್ಟಿಕೊಂಡರೆ ಎದುರಿಗೆ ಒಂದು ಮೇಜು ಕಾಣುತ್ತದೆ, ಮೇಜಿನ ಮೇಲೆ ಮಣೂಕ ಕಾಣುತ್ತದೆ. ಗಾಳಿಯಲ್ಲಿ ಕೈ ಚಾಚಿದರೆ ಅಲ್ಲಿಯೂ ಒಂದು ಕೈ ಚಾಚುತ್ತದೆ. ಅದನ್ನು ನೋಡಿಯೇ ಯಂತ್ರದ ಕೈ ಕಲಿಯುತ್ತದೆ. ತೊಟ್ಟಿನ ಕಾಳನ್ನು ಹಿಡಿದು ಎಡಗಡೆ ಬುಟ್ಟಿಗೆ ಹಾಕಬೇಕು. ಇದನ್ನು ಎರಡು ಬಗೆಯಲ್ಲಿ ಮಾಡಿಸುವುದು ಪ್ರಾಜಕ್ತಾಳ ಕೆಲಸವಾಗಿತ್ತು. ಒಂದು ದಿನ ಬರಿಗೈಲಿ. ಆಗ ಕಾಳು ಕೈಗೆ ತಾಗಿದರೆ ಅದರ ಬಣ್ಣ ಹಸಿರಾಗುತ್ತದೆ, ಅಷ್ಟೇ. ಇನ್ನೊಂದು ದಿನ ಕೈಗವಸು ತೊಟ್ಟು. ಅದರ ಬೆರಳ ತುದಿಗೆ ಸಣ್ಣ ಸಣ್ಣ ಯಂತ್ರ ಕೂರಿಸಿದ್ದರು. ಚಲೋ ಕಾಳು ತಾಗಿದರೆ ಒಂದು ಸಲ ಮಿಡಿಯುತ್ತದೆ, ತೊಟ್ಟಿನ ಕಾಳಾದರೆ ಎರಡು ಸಲ. ಮುಟ್ಟಿದ ಅನುಭವ ಬೆರಳಿಗೆ ಸಿಕ್ಕರೆ ಆರಿಸುವುದು ಸುಧಾರಿಸುತ್ತದೆಯೋ, ಇಲ್ಲ ಕಣ್ಣೊಂದೇ ಸಾಕೋ ಎಂಬುದನ್ನು ಅಳೆಯಬೇಕಿತ್ತು. ಕಣ್ಣೊಂದೇ ಸಾಕು ಎಂದಾದರೆ ಆ ದುಬಾರಿ ಕೈಗವಸು ಕೊಳ್ಳುವ ಕಾರಣವಿಲ್ಲ.

ಮೊದಲ ದಿನ ಒಬ್ಬೊಬ್ಬರನ್ನೇ ಕೂರಿಸಿ ಹೆಸರು, ವಯಸ್ಸು ಬರೆದುಕೊಂಡಳು.

"ಕಣ್ಣಿನ ತೊಂದರಿ ಏನರ ಐತೇನ್ರಿ ಮಾವಶಿ?"

ಶೇವಂತಾ ಗೋಡೆಯ ಕಡೆ ನೋಡಿದಳು. "ಇಲ್ಲವ್ವಾ."

"ಎರಡೂ ಚಲೋ ಕಾಣತಾವ?"

"ಕಾಣತಾವ."

ಸುಳ್ಳು ಹೇಳಿ ರೂಢಿಯಿಲ್ಲದವಳು. ಎದ್ದು ಬರುವಾಗ ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದುಕೊಂಡಳು.

ಎರಡನೆಯ ದಿನ ಪರೀಕ್ಷೆ ಶುರುವಾದಾಗ ಅವಳ ಪಾಳಿಗೆ ಮೊದಲು ಕೈಗವಸಿನ ದಿನವೇ ಬಂತು. ಡಬ್ಬಿ ಕಟ್ಟಿದಾಗ ಬಲಗಣ್ಣಿನ ಆ ಕಿರಿದಾದ ಬೆಳಕಿನಲ್ಲಿ ಮೇಜಿನ ಒಂದು ತುಣುಕು ಕಂಡಿತು. ಕಾಳು ಹತ್ತಿರ ಇದೆಯೋ ದೂರ ಇದೆಯೋ ತಿಳಿಯಲಿಲ್ಲ. ಒಂಟಿ ಕಣ್ಣಿಗೆ ಎಲ್ಲವೂ ಗೋಡೆಗೆ ಅಂಟಿಸಿದ ಚಿತ್ರದ ಹಾಗೆ. ವೀರಭದ್ರನನ್ನು ನೆನೆದು ಕೈ ಚಾಚಿದಳು.

ಬೆರಳು ಮಿಡಿಯಿತು.

ಒಂದು ಸಲ. ಇನ್ನೊಂದೆಡೆ ಮತ್ತೆ ಒಂದು ಸಲ. ಆಮೇಲೆ ಎರಡು ಸಲ. ಶೇವಂತಾಳ ಮುಖ ತಾನಾಗಿ ಮೇಲೆದ್ದು ಗೋಡೆಯ ಕಡೆ ತಿರುಗಿತು. ಮಿಡಿದ ಮೊದಲ ಕಾಳನ್ನು ಎತ್ತಿ ಎಡಗಣ್ಣಿಗೆ, ಬಲಗಣ್ಣಿಗೆ ಒತ್ತಿಕೊಳ್ಳಹೋದಳು. ಬೆರಳು ಡಬ್ಬಿಗೆ ಟಕ್ಕೆಂದು ಬಡಿಯಿತು. ಹೊರಗೆ ನಿಂತ ಹೆಂಗಸರು ನಕ್ಕರು. ಅವಳಿಗೆ ಕೇಳಿಸಲಿಲ್ಲ. ಕೈ ಓಡತೊಡಗಿತ್ತು. ಚುಚ್ಚು ಇರಲಿಲ್ಲ, ಅಂಟು ಇರಲಿಲ್ಲ, ಮಣೂಕದ ಸಿಹಿ ವಾಸನೆ ಇರಲಿಲ್ಲ. ಆದರೂ ಮುಟ್ಟಿದ್ದಕ್ಕೆ ಉತ್ತರ ಬರುತ್ತಿತ್ತು. ಉತ್ತರ ಬಂದರೆ ಅವಳಿಗೆ ದಾರಿ ಗೊತ್ತಿತ್ತು.

"ಮಾವಶಿ, ಎಲ್ಲಾರಕಿಂತ ನೀವ ಮುಂದ ಅದೀರಿ!" ಎಂದಳು ಪ್ರಾಜಕ್ತಾ. "ನಮ್ಮವ್ವ ಬೀಡಿ ಕಟ್ಟತಿದ್ಳು. ಟೀವಿ ನೋಡಕೋತ ಕಟ್ಟತಿದ್ಳು, ಒಂದೂ ಸಡ್ಲ ಆಗತಿರಲಿಲ್ಲ. ನೀವು ಹಂಗ ಮಾಡತೀರಿ."

ಆ ದಿನ ಮನೆಗೆ ಬಂದವಳೇ ಶೇವಂತಾ ಜೋಳದ ರೊಟ್ಟಿ ತಟ್ಟುತ್ತ ಹಾಡಿನ ಹಾಗೆ ಏನೋ ಗುನುಗಿದಳು. ನಾಲ್ಕು ವರ್ಷದಲ್ಲಿ ಭರಮು ಆ ದನಿ ಕೇಳಿರಲಿಲ್ಲ. ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಂಡ.

ಮಾರನೆಯ ದಿನ ಬರಿಗೈ.

ಮೊದಲ ಕಾಳನ್ನು ಕಂಡು ಕೈ ಚಾಚಿದಳು. ಏನೂ ತಾಗಲಿಲ್ಲ. ಇನ್ನಷ್ಟು ಚಾಚಿದಳು. ಕೈ ಕಾಳನ್ನು ದಾಟಿ, ಮೇಜನ್ನು ದಾಟಿ, ಗಾಳಿಯಲ್ಲೇ ಮುಳುಗಿತು. ಹಿಂದಕ್ಕೆ ತಂದಳು. ಎಲ್ಲೋ ಒಂದು ಹಸಿರು ಮಿಂಚಿ ಹೋಯಿತು. ಹಿಡಿದೆನೆಂದು ಎತ್ತಿ ಕಣ್ಣಿಗೊತ್ತಿಕೊಂಡಳು, ಬುಟ್ಟಿಗೆ ಹಾಕಿದಳು.

"ಮಾವಶಿ, ಕೈಯಾಗ ಏನೂ ಇಲ್ಲ. ಅದು ಮೇಜಿನ ಮ್ಯಾಲ ಐತಿ ಇನ್ನಾ."

ಖಾಲಿ ಕೈಯನ್ನು ಕಣ್ಣಿಗೊತ್ತಿಕೊಂಡಿದ್ದಳು. ಅರ್ಧ ಗಂಟೆಯಲ್ಲಿ ಅವಳು ಆರಿಸಿದ್ದು ಒಂಬತ್ತು ಕಾಳು. ಗಿರಿಜವ್ವ ನೂರಾ ಹತ್ತು ಆರಿಸಿ, "ಇದೇನ ಸುಡಗಾಡಬೇ, ಎತ್ತಿಗೆ ಕಣ್ಣ ಕಟ್ಟಿ ಗಾಣಕ್ಕ ಹೂಡಿದಂಗ" ಎಂದು ಬೈಯುತ್ತ ಎದ್ದಳು. ಗಿರಿಜವ್ವನಿಗೆ ಬರಿಗೈಯೇ ಹಗುರ. ಕೈಗವಸು ಹಾಕಿದರೆ ಬೆವರುತ್ತದೆ, ತುರಿಸುತ್ತದೆ ಎಂದು ಗೊಣಗುವಳು. ಉಳಿದವರೂ ಹಾಗೇ ಅಂದರು. ಅವರಿಗೆ ಕಣ್ಣಿತ್ತು.

ದಿನ ಬಿಟ್ಟು ದಿನ ಹೀಗೇ ನಡೆಯಿತು. ಒಂದು ದಿನ ಏರಿದರೆ ಒಂದು ದಿನ ಪಾತಾಳ. ಪ್ರಾಜಕ್ತಾ ಅವಳ ಅಂಕಿಗಳನ್ನು ನೋಡಿ ಹುಬ್ಬು ಗಂಟಿಕ್ಕುತ್ತಿದ್ದಳು. "ಗ್ಲೌಸ್ ಹಾಕಿದಾಗ ಒಂದ್ ನಮೂನಿ, ಬಿಚ್ಚಿದಾಗ ಒಂದ್ ನಮೂನಿ. ಯಾಕ ಮಾವಶಿ?"

"ಕೈ ಕೇಳತೈತವ್ವಾ, ಉತ್ತರಾ ಬರೂದಿಲ್ಲ" ಎಂದಳು ಶೇವಂತಾ. ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ.

ಅಮಾವಾಸ್ಯೆಗೆ ಭರಮುವಿನ ಗಾಡಿಯ ಹಿಂದೆ ಕುಳಿತು ಯಡೂರಿಗೆ ಹೋದಳು. ಹೊಳೆಯಲ್ಲಿ ಕಾಲು ತೊಳೆದು ವೀರಭದ್ರನ ಮುಂದೆ ನಿಂತಾಗ ಅವಳಿಗೆ ದೇವರ ಮುಖ ಪೂರ್ತಿ ಕಾಣಲಿಲ್ಲ; ಒಂದು ದೀಪದ ಕುಡಿ, ಅದರ ಹಿಂದೆ ಬೆಳ್ಳಿಯ ಒಂದು ಮೀಸೆ. ಮೊದಲೆಲ್ಲ ಕಣ್ಣು ಕೊಡು ಎಂದು ಬೇಡುತ್ತಿದ್ದಳು. ಈ ಸಲ ಬೇಡಲಿಲ್ಲ. "ಕಣ್ಣ ಬ್ಯಾಡ ತಂದಿ. ಆ ಕೈಗವಸು ಉಳಸು" ಎಂದಳು.

"ಏನ ಬೇಡಿದಿ?" ಎಂದು ಭರಮು ಕೇಳಿದ.

"ಸಣ್ಣದ ಐತ್ರಿ. ಅವಗ ಭಾರ ಆಗೂವಂಥಾದ್ದಲ್ಲ."

ಎಂಟನೆಯ ದಿನ ಕೈಗವಸಿನ ಪಾಳಿ. ಅಂದು ಶೇವಂತಾಳೇ ಮೊದಲು ಕುಳಿತಳು. ಕೈಗೆ ಎಂಥ ಹದ ಬಂದಿತ್ತೆಂದರೆ, ಎರಡು ಸಲ ಮಿಡಿಯುವುದನ್ನು ಕಾಯುವ ಮೊದಲೇ ಬೆರಳು ತೊಟ್ಟಿನ ಕಾಳನ್ನು ಹಿಡಿದಿರುತ್ತಿತ್ತು. ಅರ್ಧ ಗಂಟೆ ಮುಗಿದಾಗ ನೂರಾ ನಲವತ್ತಾರು. ಹನ್ನೊಂದು ಮಂದಿಯಲ್ಲಿ, ಎಂಟು ದಿನದಲ್ಲಿ, ಯಾರೂ ಅಷ್ಟು ಮಾಡಿರಲಿಲ್ಲ. ಪ್ರಾಜಕ್ತಾ ಚಪ್ಪಾಳೆ ತಟ್ಟಿದಳು. ಬಾಬಾಸಾಹೇಬರು ಬಾಗಿಲಲ್ಲಿ ಇಣುಕಿ, "ಇಲ್ಲೂ ಶೇವಂತಾನ ಬುಟ್ಟಿನ ಮುಂದ ಐತಿ ನೋಡ" ಎಂದರು. ಅವಳು ಡಬ್ಬಿ ಬಿಚ್ಚಿ, ಸೆರಗಿನಿಂದ ಮುಖ ಒರೆಸಿಕೊಂಡು, ನಾಚಿಕೊಂಡು ನಕ್ಕಳು.

ಮುಂದೆ ಗಿರಿಜವ್ವ ಕುಳಿತಳು. ಡಬ್ಬಿ ಕಟ್ಟಿದ್ದೇ ತಡ, "ಯವ್ವಾ! ಎಡಗಡೆ ಕತ್ತಲ ಐತಲ್ಲಬೇ ಇದರಾಗ! ಒಂದ ಕಣ್ಣೀಲೆ ಹೆಂಗ ಆರಸಲಿ?" ಎಂದು ಕೂಗಿದಳು.

ಪ್ರಾಜಕ್ತಾ ಡಬ್ಬಿ ತೆಗೆದು ತನ್ನ ಕಣ್ಣಿಗೆ ಹಿಡಿದಳು. ಎಡಗಾಜಿನಲ್ಲಿ ಚಿತ್ರವೇ ಇರಲಿಲ್ಲ, ಬರೀ ಕಪ್ಪು. ಕಂಪ್ಯೂಟರಿನಲ್ಲಿ ನೋಡಿದಳು. ಎಡಗಡೆಯ ಚಿತ್ರ ನಿಂತದ್ದು ಈಗಲ್ಲ. ಬೆಳಿಗ್ಗೆ ಯಂತ್ರ ಹಚ್ಚಿದಾಗಿನಿಂದ ಅದು ಹತ್ತಿಯೇ ಇರಲಿಲ್ಲ.

ಅವಳು ಮೆಲ್ಲನೆ ತಲೆ ಎತ್ತಿ ಶೇವಂತಾಳನ್ನು ನೋಡಿದಳು. ಶೇವಂತಾ ಅರ್ಧ ಗಂಟೆ ಅದರಲ್ಲೇ ಕುಳಿತಿದ್ದಳು. ಒಂದು ಮಾತೂ ಆಡಿರಲಿಲ್ಲ.

ತಾನು ಏನು ಹೇಳಿದೆ ಎಂದು ಗಿರಿಜವ್ವನಿಗೆ ಆಗ ಹೊಳೆಯಿತು. "ಇಲ್ಲ, ಇಲ್ಲ, ನಾನ ಕೆಡಸಿದೆ ಮೇಡಂ. ಈಗ ಕಟ್ಟಿಕೊಳ್ಳುಮುಂದ ಯಾವುದೋ ಗುಂಡಿ ಒತ್ತಿದೆ. ಮೊದಲ ಚಲೋ ಇತ್ತು. ಶೇವಂತಾ, ಚಲೋ ಇತ್ತಲ್ಲಾ? ಹೇಳಲ್ಲಾ!"

ಗಿರಿಜವ್ವನಿಗೆ ಗೊತ್ತಿತ್ತು. ಯಾವಾಗಿನಿಂದಲೋ ಗೊತ್ತಿತ್ತು. ದಾರಿಯಲ್ಲಿ ಯಾವಾಗಲೂ ಎಡಕ್ಕೇ ನಡೆಯುತ್ತಿದ್ದುದು ಯಾಕೆಂದು ಶೇವಂತಾಳಿಗೆ ಆ ಕ್ಷಣ ತಿಳಿಯಿತು.

"ಸುಳ್ಳ ಹೇಳಬ್ಯಾಡಕ್ಕಾ" ಎಂದಳು ಶೇವಂತಾ. "ಒಬ್ಬಾಕಿ ಹೇಳಿದ್ದ ಸಾಕು."

ಪ್ರಾಜಕ್ತಾ ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಬಲೆಗಳ ನೆರಳಿನಲ್ಲಿ ಕೂರಿಸಿದಳು. ಮಣೂಕ ಒಣಗುವ ವಾಸನೆ ಗಾಳಿಯಲ್ಲಿ ಗಟ್ಟಿಯಾಗಿತ್ತು. ಶೇವಂತಾ ಎಲ್ಲ ಹೇಳಿದಳು. ಸೀಗೆಕಾಯಿ, ಮಿರಜ, ಹದಿನಾಲ್ಕು ಹೆಜ್ಜೆ.

"ನನಗ ಒಂದ ಮಾತ ಹೇಳವ್ವಾ. ಗ್ಲೌಸ್ ಉಳೀತಾವ?"

ಪ್ರಾಜಕ್ತಾ ನೆಲ ನೋಡಿದಳು. "ಹತ್ತ ಮಂದಿಗೆ ಗ್ಲೌಸ್ ಇದ್ರೂ ಅಷ್ಟ, ಇರದಿದ್ರೂ ಅಷ್ಟ. ಒಬ್ಬಿಬ್ಬರು ಹಾಕಿದಾಗ ಹಿಂದ ಬಿದ್ದಾರ. ಭೂಮಿ ಆಕಾಶದಷ್ಟ ಫರಕ ಬಿದ್ದದ್ದು ನಿಮ್ಮೊಬ್ಬರಿಗೆ. ನಿಮ್ಮ ಅಂಕಿ ಕೂಡಿಸಿದ್ರ ಗ್ಲೌಸ್ ಬೇಕು ಅಂತ ಬರತಿತ್ತೇನೋ."

"ಕೂಡಸ ಹಂಗಾರ."

"ನಮ್ಮ ಕಾಲೇಜಿನ ಸರ್ ಒಪ್ಪೂದಿಲ್ಲ ಮಾವಶಿ. ಕಣ್ಣ ಸರಿ ಇದ್ದವರ ಮ್ಯಾಲ ಮಾಡೂ ಪರೀಕ್ಷಾ ಇದು. ನಿಮ್ಮದನ್ನ ತಗೀಬೇಕಾಗತೈತಿ."

"ಮೊದಲ ದಿನಾನ ಖರೇ ಹೇಳಿದ್ದರ?"

ಹುಡುಗಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮೊದಲ ದಿನಾನ ಬಿಡತಿದ್ವಿ."

ಶೇವಂತಾ ತಲೆಯಾಡಿಸಿದಳು. ಆ ದಾರಿಯೂ ಈ ದಾರಿಯೂ ಒಂದೇ ಊರಿಗೆ ಹೋಗುತ್ತಿದ್ದವು. ಪ್ರಾಜಕ್ತಾಳ ಕಣ್ಣಲ್ಲಿ ನೀರು ಬಂದದ್ದು ಅವಳಿಗೆ ಕಾಣಲಿಲ್ಲ. ಆದರೆ ಹುಡುಗಿಯ ಕೈ ತನ್ನ ಕೈಯ ಮೇಲೆ ಬಂದು ಕುಳಿತಾಗ ಅದು ಒದ್ದೆಯಾಗಿರುವುದು ಗೊತ್ತಾಯಿತು. "ಅಳಬ್ಯಾಡ ತಂಗೀ. ನಿನ್ನ ತಪ್ಪಲ್ಲ" ಎಂದಳು.

ಹದಿನೈದು ದಿನ ಮುಗಿದು ಕಾಗದ ಬಂತು. ಮುಟ್ಟಿದ ಅನುಭವ ಇದ್ದರೂ ಇಲ್ಲದಿದ್ದರೂ ಆರಿಸುವುದರಲ್ಲಿ ಹೇಳಿಕೊಳ್ಳುವ ಅಂತರವಿಲ್ಲ, ಬರಿಗೈ ಸಾಕು ಎಂದು ಅದರಲ್ಲಿತ್ತಂತೆ. ಹತ್ತು ಮಂದಿಯ ಮೇಲೆ ಮಾಡಿದ ಪರೀಕ್ಷೆ ಎಂದು ಬರೆದಿತ್ತು. ಹನ್ನೊಂದನೆಯವಳ ಸುದ್ದಿ ಇರಲಿಲ್ಲ. ಆಯ್ಕೆಯಾದ ನಾಲ್ವರಲ್ಲಿ ಗಿರಿಜವ್ವನ ಹೆಸರಿತ್ತು.

ಭರಮು ಒಬ್ಬನೇ ಹೋಗಿ ಬಾಬಾಸಾಹೇಬರ ಮುಂದೆ ನಿಂತ. "ಒಂದ ಜೋಡಿ ಗ್ಲೌಸ್ ತರಸ್ರಿ ಸಾವಕಾರ್ರ. ಆಕಿ ಹತ್ತ ಮಂದಿ ಕೆಲಸ ಮಾಡತಾಳ."

"ಒಂದ ಜೋಡಿ ಕಿಮ್ಮತ್ತಿನ್ಯಾಗ ಎರಡ ಎಮ್ಮಿ ಬರತಾವೋ ಭರಮು. ಬ್ಯಾಡ ಅಂತ ಕಾಲೇಜಿನವರ ಬರದ ಕೊಟ್ಟಾರ. ನಾ ಹೆಂಗ ತರಸಲಿ?" ಎಂದರು ಬಾಬಾಸಾಹೇಬರು. ಅವರಿಗೂ ಸಂಕಟವಾಗಿತ್ತು. "ಆಕಿನ ಬಿಡೂದಿಲ್ಲ. ಕಸಾ ಹೊಡ್ಯಾಕ ಬರಲಿ."

ಅವಳು ಹೋದಳು. ಕಸಬರಿಗೆ ಹಿಡಿದು ಮೂರು ದಿನ ಗುಡಿಸಿದಳು. ಕಸ ಎಲ್ಲಿದೆ ಎಂಬುದನ್ನು ಕಸಬರಿಗೆ ಹೇಳುವುದಿಲ್ಲ. ಗುಡಿಸಿದಲ್ಲೇ ಮತ್ತೆ ಗುಡಿಸುವಳು, ಗುಡಿಸದ ಮೂಲೆ ಹಾಗೇ ಉಳಿಯುವುದು. ಹೆಂಗಸರು ಅವಳ ಬೆನ್ನ ಹಿಂದೆ ಸದ್ದಿಲ್ಲದೆ ಗುಡಿಸಿ ಬಿಡುತ್ತಿದ್ದರು. ಮೇಜು ತೆಗೆದ ಜಾಗದಲ್ಲಿ ಹೆಜ್ಜೆಯ ಲೆಕ್ಕವೂ ತಪ್ಪಿತ್ತು. ನಾಲ್ಕನೆಯ ದಿನ ಎಡಗಡೆ ಇಟ್ಟಿದ್ದ ಕ್ರೇಟಿಗೆ ಎಡವಿ ಬಿದ್ದಳು. ಕೈ ಊರಿದಲ್ಲಿ ಮಣಿಕಟ್ಟು ಉಳುಕಿತು. ಬಾಬಾಸಾಹೇಬರು ತಾವೇ ಗಾಡಿಯಲ್ಲಿ ಮನೆಗೆ ಬಿಟ್ಟು, ಐದು ಕಿಲೋ ಮಣೂಕ, ಒಂದು ಇಳಕಲ್ ಸೀರೆ ಕೊಟ್ಟು, "ವಿಶ್ರಾಂತಿ ತಗೋಬೇ" ಎಂದರು. ಮತ್ತೆ ಬಾ ಎಂದು ಅವರೂ ಅನ್ನಲಿಲ್ಲ, ಬರತೀನಿ ಎಂದು ಇವಳೂ ಅನ್ನಲಿಲ್ಲ.

ಆಮೇಲೆ ಶೇವಂತಾ ಮನೆಯ ಪಡಸಾಲೆಯಲ್ಲಿ ಕೂರತೊಡಗಿದಳು. ಕೊಳವೆಯಂಥ ಬಲಗಣ್ಣಿನ ನೋಟ ದಿನದಿನಕ್ಕೆ ಕಿರಿದಾಯಿತು. ಹನಿ ಹಾಕುವುದನ್ನು ಭರಮು ತಪ್ಪಿಸುತ್ತಿರಲಿಲ್ಲ. ಮೊದಲು ಅವಳು ತಾನೇ ಹಾಕಿಕೊಳ್ಳುತ್ತಿದ್ದಳು, ಈಗ ಕತ್ತು ಹಿಂದಕ್ಕೆ ಒರಗಿಸಿ ಸುಮ್ಮನೆ ಕೂರುವಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿರುವಳು. ಒಮ್ಮೊಮ್ಮೆ ಬೆರಳು ತಾವಾಗಿಯೇ ಆಡುತ್ತಿದ್ದವು. ಗೊತ್ತಾದಾಗ ಸೆರಗಿನಲ್ಲಿ ಮುಚ್ಚಿಕೊಳ್ಳುವಳು. ನೀಲಮ ಬಂದು ಎಂಟು ದಿನ ಇದ್ದು, ಅಡಿಗೆ ಮಾಡಿ, ಅತ್ತು, ಹೋದಳು.

ಕಾರಹುಣ್ಣಿಮೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಗಿರಿಜವ್ವ ಬಂದಳು. ಡಬ್ಬಿ ಕೆಟ್ಟ ಆ ದಿನದ ನಂತರ ಅವಳು ಈ ಕಡೆ ಹೆಜ್ಜೆ ಇಟ್ಟಿರಲಿಲ್ಲ. ಕಂಕುಳಲ್ಲಿ ಒಂದು ಮೊರ, ಮೊರದಲ್ಲಿ ತೊಗರಿಬೇಳೆ.

"ಲೇ ಶೇವಂತಾ, ಇದನ್ನಷ್ಟ ಹಸನ ಮಾಡಿ ಕೊಡಬೇ. ನನಗ ವ್ಯಾಳ್ಯಾ ಆಗವಲ್ದು. ದಿನಾ ಆ ಡಬ್ಬಿ ಕಟಿಗೊಂಡ ಕಟಿಗೊಂಡ ಕಣ್ಣ ಉರೀತಾವ. ಭಾಳ ಹರಳ ಅದಾವ ಇದರಾಗ. ನಿನ್ನಂಗ ಯಾರಿಗೆ ಬರತೈತಿ?"

ಎಡಗಡೆಯಿಂದ ಬಂದು, ಎಡಗಡೆಯೇ ಕುಳಿತಳು. ದನಿ ಮೊದಲಿನ ಹಾಗೇ ಜೋರಾಗಿತ್ತು. ಒಂದು ಕೂದಲೆಳೆಯಷ್ಟು ಹೆಚ್ಚೇ ಜೋರು.

"ಇಟ್ಟ ಹೋಗಕ್ಕಾ. ಸಂಜಿಗೆ ಬಾ."

ಗಿರಿಜವ್ವ ಹೋದ ಮೇಲೆ ಶೇವಂತಾ ಮೊರವನ್ನು ಮಡಿಲಿಗೆ ಎಳೆದುಕೊಂಡಳು. ಮೊದಲ ಬೇಳೆಯನ್ನು ಎತ್ತಿ ಎಡಗಣ್ಣಿಗೆ, ಬಲಗಣ್ಣಿಗೆ ಒತ್ತಿಕೊಂಡಳು. ಆಮೇಲೆ ಬೆರಳು ಇಳಿಸಿದಳು. ಬಹಳ ದಿನದ ಮೇಲೆ ಕೈಗೆ ಕೆಲಸ ಸಿಕ್ಕಿತ್ತು.

ಮೊರದ ಒಂದು ಮೂಲೆಯಿಂದ ಆರಂಭಿಸಿದಳು. ಬೇಳೆ ನುಣ್ಣಗಿತ್ತು. ಹರಳು ಸಿಗಲಿಲ್ಲ. ನಡುವಿಗೆ ಬಂದಳು, ಸಿಗಲಿಲ್ಲ. ಕಡ್ಡಿಯಿಲ್ಲ, ಸಿಪ್ಪೆಯಿಲ್ಲ, ಒಂದು ಹುಳುಕು ಬೇಳೆಯೂ ಇಲ್ಲ. ಅಡಿಯಲ್ಲಿ ನುಚ್ಚು, ಧೂಳು ಇರಬೇಕಿತ್ತು, ಅದೂ ಇರಲಿಲ್ಲ. ಯಾರೋ ಇದನ್ನು ಕೇರಿ, ಕೂತು, ಕಣ್ಣು ನೆಟ್ಟು, ಒಂದೊಂದೇ ನೋಡಿ ಹಸನ ಮಾಡಿದ್ದರು. ಬಹಳ ಹೊತ್ತು ಕೂತು ಮಾಡಿರಬೇಕು.

ಶೇವಂತಾಳ ಬೆರಳು ನಿಂತವು. ಹೊರಗೆ ಭರಮು ಬಿಟ್ಟ ನೀರು ಓಣಿಯ ನಳಕ್ಕೆ ಬಂದು ಕೊಡಗಳ ಸದ್ದು ಎದ್ದಿತು, ಅಡಗಿತು. ಬಿಸಿಲು ಹೊಸ್ತಿಲಿನಿಂದ ಸರಿದದ್ದು ಕಾಲಿಗೆ ತಿಳಿಯಿತು. ಅವಳು ಮತ್ತೆ ಮೊರದಲ್ಲಿ ಕೈ ಇಟ್ಟು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಅಲ್ಲಿಂದ ಇಲ್ಲಿಗೆ, ಇಲ್ಲದ ಹರಳನ್ನು ಆರಿಸುತ್ತ ಕುಳಿತಳು.

ಸಂಜೆ ಗಿರಿಜವ್ವ ಬಂದು ಎಡಗಡೆ ನಿಂತಳು.

"ಆತೇನಬೇ? ಹರಳ ಭಾಳ ಇದ್ದವಲ್ಲಾ?"

ಶೇವಂತಾ ಮೊರವನ್ನು ಅವಳ ಕಡೆ ಚಾಚಿದಳು. ಮುಖ ಎದುರಿನ ಗೋಡೆಯ ಕಡೆಗಿತ್ತು.

"ಇದ್ದವಕ್ಕಾ" ಎಂದಳು. "ಎಲ್ಲಾ ತಗದೇನಿ."